ಕೂಸಿನ ಉಸಿರು ಎಣಿಸೋಣ

ಐದು ತಿಂಗಳ ಕೂಸು. ಜ್ವರ ಇಲ್ಲ. ಆದರೆ ಸದಾ ಏದುಸಿರು. ಹಾಲು ಕುಡಿಯುವಾಗ ದಣಿದು ಮೊಲೆ ಬಿಡುತ್ತದೆ. ತೂಕ ಏರುತ್ತಿಲ್ಲ.

ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದು ಔಷಧಿ ಕೊಟ್ಟರು. ಔಷಧಿ ಮುಗಿಯಿತು. ಏದುಸಿರು ನಿಲ್ಲಲಿಲ್ಲ.

"ಹೊಟ್ಟೆಗೆ ಬರೆ ಹಾಕಿಸೋಣ" ಎಂದರು ಅತ್ತೆ.

"ಬೇಡ ಅತ್ತೆ. ಕೂಸಿಗೆ ಸುಟ್ಟ ಗಾಯ ಆಗುತ್ತೆ. ಉಸಿರು ಸರಿಹೋಗಲ್ಲ" ಎಂದಳು ಸೊಸೆ. ಆಶಾ ಅಕ್ಕನನ್ನು ಕರೆದಳು.

ಅಕ್ಕ ಹೇಳಿದರು: "ನಿನಗೀಗ ಎಣಿಸೋಕೆ, ಬರೆಯೋಕೆ ಬರುತ್ತಲ್ಲ. ಕೂಸು ಅಳದೆ ಸುಮ್ಮನಿರುವಾಗ ಎದೆ ನೋಡು. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸು."

ಸೊಸೆ ಎರಡು ಸಲ ಎಣಿಸಿದಳು. 62, 64 ಎಂದು ಬರೆದಳು.

ಒಂದು ನಿಮಿಷಕ್ಕೆ ಇಷ್ಟಿದ್ದರೆ ಉಸಿರಾಟ ಜೋರು ಎಂದು ತಿಳಿಯಿರಿ:

2 ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು
2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು

ಅಂದೇ ಆಸ್ಪತ್ರೆಗೆ ಹೋದರು. ಡಾಕ್ಟರು ಚೀಟಿ ನೋಡಿದರು. ತಾಯಿ ಕಾರ್ಡಿನಲ್ಲಿ ತೂಕ ನೋಡಿದರು. ಮಕ್ಕಳ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತದ ಆಕ್ಸಿಜನ್ ಅಳೆದರು. ಹೃದಯ ಪರೀಕ್ಷಿಸಿದರು. ಎದೆಯ ಸ್ಕ್ಯಾನ್ ಮಾಡಿದರು.

ನಮ್ಮ ಶ್ವಾಸಕೋಶದ ತುಂಬ ಪುಟ್ಟ ಗಾಳಿಚೀಲಗಳಿವೆ. ಆಕ್ಸಿಜನ್ ರಕ್ತಕ್ಕೆ ಸೇರುವುದು ಅವುಗಳ ತೆಳು ಗೋಡೆಯ ಮೂಲಕ. ಈ ಕೂಸಿಗೆ ಆ ಗೋಡೆಯಲ್ಲೇ ದೋಷವಿತ್ತು. ಇದು ಬಲು ಅಪರೂಪದ ಕಾಯಿಲೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಾಯಿಯ ತಪ್ಪೂ ಅಲ್ಲ. ಇಂಥ ಕಾಯಿಲೆಗಳಲ್ಲಿ ಕೆಲವು ಮಕ್ಕಳು ಬೆಳೆಯುತ್ತಾ ಸುಧಾರಿಸುತ್ತಾರೆ. ಕೆಲವರಿಗೆ ಬಹುಕಾಲ ಚಿಕಿತ್ಸೆ ಬೇಕು.

ಮನೆಯಲ್ಲಿ ಏನು ಮಾಡಬೇಕು?

1. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕುಡಿಸಿ.
2. ಒಲೆ ಹೊಗೆ, ಬೀಡಿ ಹೊಗೆ ಕೂಸಿಗೆ ತಾಗದಿರಲಿ.
3. ಕೈ ತೊಳೆದು ಕೂಸನ್ನು ಎತ್ತಿಕೊಳ್ಳಿ. ನೆಗಡಿ ಇದ್ದವರು ದೂರವಿರಿ.
4. ಲಸಿಕೆ ತಪ್ಪಿಸಬೇಡಿ. ಡಾಕ್ಟರು ಹೇಳದೆ ಔಷಧಿ ನಿಲ್ಲಿಸಬೇಡಿ.
5. ಮನೆಗೆ ಆಕ್ಸಿಜನ್ ಕೊಟ್ಟಿದ್ದರೆ ಅದರ ಬಳಿ ಬೆಂಕಿ ತರಬೇಡಿ.

ತುಟಿ ನೀಲಿಯಾದರೆ, ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಕುಡಿಯಲಾರದಾದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಈಗ ಕೂಸಿನ ಹಾಸಿಗೆ ಒಲೆಯಿಂದ ದೂರ. ಅದನ್ನು ಸರಿಸಿದವರು ಅತ್ತೆಯೇ. ಸೊಸೆ ಉಸಿರು ಎಣಿಸುತ್ತಾಳೆ. ಅತ್ತೆ ಗಡಿಯಾರ ಹಿಡಿಯುತ್ತಾರೆ.

ಉತ್ತರ ಬರೆಯಿರಿ:

1. ಔಷಧಿ ಮುಗಿದರೂ ಏದುಸಿರು ನಿಲ್ಲದಿದ್ದರೆ ಏನು ಮಾಡುವಿರಿ?
2. ನಿಮ್ಮ ಮನೆಯ ಕೂಸಿನ ಉಸಿರು ನಿಮಿಷಕ್ಕೆ ಎಷ್ಟು? ಎಣಿಸಿ ಬರೆಯಿರಿ: ______