ನಾವು ಸಾಕ್ಷಿಯಲ್ಲ

ನಿನಗೆ ಅಮೆರಿಕದ ವೀಸಾ ಸಿಕ್ಕಿತು ಎಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಸಂತೋಷ ಕಣಮ್ಮ. ಕುಕ್ಕರ್, ಉಪ್ಪಿನಕಾಯಿ, ಸ್ವೆಟರ್ ವಿಚಾರವೆಲ್ಲ ಅವಳೇ ಹೇಳುತ್ತಾಳೆ. ನನ್ನದು ಬೇರೆ ಮಾತು.

ನಿನಗೂ ಕೆಲಸ ಸಿಕ್ಕಿ, ಸಂಬಳ ಕೈಗೆ ಹತ್ತಿದ ಮೇಲೆ, ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ: "ದುಡಿಯೋರಿಗೆ ಅಮೆರಿಕ ಮೋಸ ಮಾಡಲ್ಲ, ನಮ್ಮನ್ನೇ ನೋಡಿ!" ತಲೆಯಾಡಿಸಬೇಡ. ನಾವು ಅದಕ್ಕೆ ಸಾಕ್ಷಿಯಲ್ಲ. 1965ರ ವಲಸೆ ಕಾಯ್ದೆ ಬಂದ ಮೇಲೆ ಈ ದೇಶ ನಮ್ಮಂಥವರನ್ನು ಓದು ನೋಡಿ ಆರಿಸಿಕೊಂಡಿತು. ಊರಲ್ಲೇ ಅಷ್ಟಿಷ್ಟು ಅನುಕೂಲ ಇದ್ದ ಮನೆಯವರು ನಾವು. ನಮ್ಮ ಹೊಲದಲ್ಲಿ ಕೂಲಿ ಮಾಡಿದವರ ಮಕ್ಕಳಲ್ಲಿ ಎಷ್ಟು ಜನ ಈ ವಿಮಾನ ಹತ್ತಿದರು, ನೀನೇ ಎಣಿಸು.

ದುಡಿದರೆ ಯಾರು ಬೇಕಾದರೂ ಮೇಲೇರಬಹುದು ಎಂಬ ಈ ಅಮೆರಿಕದ ಕನಸು ದಕ್ಕುವಂಥದ್ದೇ ಎಂದು ತಿಳಿಯಬೇಕಾದರೆ ಇಲ್ಲೇ ಬಡವರ ಮನೆಯಲ್ಲಿ ಹುಟ್ಟಿದ ಮಗುವನ್ನು ನೋಡಬೇಕು. ದೆಹಲಿಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಆದಾಯ ತೆರಿಗೆ ದಾಖಲೆಗಳನ್ನೇ ಜಾಲಾಡಿ 2014ರಲ್ಲಿ ಲೆಕ್ಕ ತೆಗೆದರು. ಅತಿ ಕಡಿಮೆ ಆದಾಯದ ಐದನೇ ಒಂದು ಪಾಲು ಮನೆಗಳ ಮಕ್ಕಳಲ್ಲಿ ಅತಿ ಹೆಚ್ಚು ಆದಾಯದ ಐದನೇ ಒಂದು ಪಾಲಿಗೆ ಸೇರುವವರು ನಮ್ಮ ಸ್ಯಾನ್ ಹೋಸೆ ಕಡೆ ನೂರಕ್ಕೆ ಸುಮಾರು 13. ಷಾರ್ಲಟ್ ನಗರದ ಕಡೆ 4.4. ಅಲ್ಲಿಯ ಮಕ್ಕಳೇನು ಸೋಮಾರಿಗಳೇ? ಕಾಲವೂ ಕೆಟ್ಟಿದೆ. 1940ರಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 90ರಷ್ಟು ಮಂದಿ ಅಪ್ಪ ಅಮ್ಮನಿಗಿಂತ ಹೆಚ್ಚು ಗಳಿಸಿದರು. 1980ರ ದಶಕದವರಲ್ಲಿ ಹೆಚ್ಚುಕಡಿಮೆ ಅರ್ಧ. ದೇಶ ಬೆಳೆಯದೆ ಹೀಗಾಯಿತು ಅನ್ನುವಂತಿಲ್ಲ. ಬೆಳೆದದ್ದರಲ್ಲಿ ಹೆಚ್ಚು ಪಾಲು ಉಳ್ಳವರ ಮನೆಗೇ ಹೋಯಿತು, ಅದೇ ದೊಡ್ಡ ಕಾರಣ.

ಹುಟ್ಟಿದ ಬೀದಿ ಇಷ್ಟು ಆಟ ಆಡಿಸುವುದು ಯಾಕೆ ಅಂತೀಯಾ? 1930ರ ದಶಕದಲ್ಲಿ ಸರ್ಕಾರವೇ ಮನೆಸಾಲಕ್ಕೆ ಒತ್ತಾಸೆಯಾಗಿ ನಿಂತಾಗ ಕಪ್ಪು ಜನರ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದಿದ್ದರು. ಅಲ್ಲಿ ಸಾಲ ಹುಟ್ಟುವುದೇ ಕಷ್ಟವಾಯಿತು. ಮನೆಗೆ ಬೆಲೆ ಬರಲಿಲ್ಲ. ಇಲ್ಲಿ ಬಹಳ ಕಡೆ ಶಾಲೆಗೆ ದುಡ್ಡು ಬರುವುದು ಆಯಾ ಊರಿನ ಮನೆ ತೆರಿಗೆಯಿಂದ. ಹಾಗಾಗಿ ಅಜ್ಜನಿಗೆ ಸಿಗದ ಸಾಲ ಮೊಮ್ಮಗನ ಕ್ಲಾಸ್‌ರೂಮಿನ ತನಕ ಬರುತ್ತದೆ. ನಾವೋ, ಮನೆ ಕೊಳ್ಳುವ ಮುಂಚೆ ಅಡುಗೆಮನೆ ನೋಡುವುದಕ್ಕಿಂತ ಮೊದಲು ಸ್ಕೂಲ್ ರೇಟಿಂಗ್ ನೋಡುವವರು. ಬಾಯಲ್ಲಿ ಮಾತ್ರ "ಎಲ್ಲಾ ಅವರವರ ಶ್ರಮ".

 

ಬೀದಿ ಬದಲಾದರೆ ಬದುಕೂ ಬದಲಾಗುತ್ತದೆ ಎನ್ನಲು ಚೆಟ್ಟಿಯವರ ಬಳಗದ್ದೇ ಇನ್ನೊಂದು ಲೆಕ್ಕವಿದೆ. ಬಾಡಿಗೆಗೆ ಸರ್ಕಾರದ ನೆರವು ಪಡೆದು, 13 ವರ್ಷ ತುಂಬುವ ಮೊದಲೇ ಬಡತನ ಕಡಿಮೆ ಇರುವ ಬಡಾವಣೆಗೆ ಹೋದ ಮಕ್ಕಳು ದೊಡ್ಡವರಾದಾಗ, ಅಂಥ ನೆರವು ಸಿಗದ ಮಕ್ಕಳಿಗಿಂತ ಶೇ. 31ರಷ್ಟು ಹೆಚ್ಚು ಗಳಿಸಿದರು. ನಾಳೆ ನೀನು ಮನೆ ಮಾಡಿದ ಬೀದಿಯ ಪಕ್ಕದಲ್ಲಿ ಅಂಥ ಮಕ್ಕಳ ಮನೆಯವರಿಗೂ ಎಟುಕುವ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟ್ ಕಟ್ಟುತ್ತೇವೆ ಎಂದು ಸಿಟಿಯವರು ಹೊರಟರೆ, "ಮನೆ ರೇಟು ಇಳಿಯತ್ತೆ, ಸ್ಕೂಲ್ ಕೆಡತ್ತೆ" ಅಂತ ವಿರೋಧದ ಅರ್ಜಿ ಹಿಡಿದು ಯಾರೋ ಬಾಗಿಲಿಗೆ ಬರುತ್ತಾರೆ. ನಮ್ಮವರೇ ಇರಬಹುದು. ಕಾಫಿ ಕೊಟ್ಟು ಕಳಿಸು, ಸಹಿ ಹಾಕಬೇಡ.