ಸವಳು ನೀರಿಗೆ ಮದ್ದು ಎಲ್ಲಿ?

ಸಿಂಧನೂರು ಸೀಮೆಯ ಮಿತ್ರರೇ,

ತಮ್ಮೂರ ಕೊಳವೆಬಾವಿಯ ನೀರು ಸವಳಾದುದರ ಕಾರಣವನ್ನು ಬಾವಿಯೊಳಗಲ್ಲ, ಸುತ್ತಣ ಗದ್ದೆಗಳಲ್ಲಿ ಅರಸಬೇಕು. ತುಂಗಭದ್ರಾ ಎಡದಂಡೆಯ ನೀರಾವರಿಯನ್ನು ಬಹುಪಾಲು ಜೋಳ, ಹತ್ತಿಗಳಂತಹ ಮಿತಜಲದ ಬೆಳೆಗಳಿಗೆಂದು ಯೋಜಿಸಿದ್ದರೂ, ನಾಲೆಯ ಮೇಲ್ಭಾಗದಲ್ಲಿ ಭತ್ತವೇ ವ್ಯಾಪಿಸಿದುದರಿಂದ, ನೀರು ಸುಲಭವಾಗಿ ಬಸಿಯದ ಎರೆಭೂಮಿಯಲ್ಲಿ ಅಂತರ್ಜಲವು ಮೇಲೇರಿ, ಮಣ್ಣಿನಲ್ಲಿ ಹುದುಗಿದ್ದ ಲವಣಗಳನ್ನು ಕರಗಿಸಿಕೊಂಡು, ಬೇಸಗೆಯಲ್ಲಿ ಆವಿಯಾಗಿ, ತಾವು ಬರೆದಿರುವಂತೆ ಬದುವಿನ ಬುಡದಲ್ಲಿ ಬಿಳಿಯ ಪದರವನ್ನು ಉಳಿಸುತ್ತದೆ. ಅದೇ ಲವಣವು ಅಂತರ್ಜಲದೊಡನೆ ತಮ್ಮ ಬಾವಿಯನ್ನೂ, ಬಸಿನೀರಿನೊಡನೆ ಹಳ್ಳಕ್ಕಿಳಿದು ನದಿಯನ್ನೂ ಸೇರುತ್ತದೆ.

ಸವಳು ನೀರನ್ನು ಕುದಿಸಿದರೆ ಉಪ್ಪು ಹೋಗದು, ಮತ್ತಷ್ಟು ಸಾಂದ್ರವಾಗುವುದು. ಕುಡಿಯುವ ನೀರಿನಲ್ಲಿ ಕರಗಿದ ಘನಾಂಶವು ಲೀಟರಿಗೆ 500 ಮಿಲಿಗ್ರಾಂ ಮೀರದಿರುವುದು ಉತ್ತಮ. ಅನ್ಯ ಆಕರವಿಲ್ಲದೆಡೆ 2000ದವರೆಗೆ ಸಮ್ಮತಿಯುಂಟು. ಆದುದರಿಂದ ಮೊದಲು ಪರೀಕ್ಷೆ ಮಾಡಿಸಿ, ಕುಡಿಯುವುದಕ್ಕೆ ನಾಲೆಯಿಂದ ತುಂಬಿಸಿದ ಕೆರೆಯ ನೀರನ್ನು ಶುದ್ಧೀಕರಿಸಿ ಬಳಸಿರಿ.

ಇನ್ನು ಗದ್ದೆಯ ಮಾತು: ತಮ್ಮ ನೆರೆಯವರು ಸೂಚಿಸಿದರೆಂದು ತಾವು ಬರೆದಿರುವ ಜಿಪ್ಸಂ ಕ್ಷಾರಭೂಮಿಗೆ ಮಾತ್ರ ಉಪಕಾರಿ; ಬಸಿಗಾಲುವೆಯಿಲ್ಲದೆ ಅಲ್ಲಿಯೂ ಅದು ವ್ಯರ್ಥ. ನೆಲದಡಿ ರಂಧ್ರಯುಕ್ತ ಕೊಳವೆ ಹೂಳಿ ನೀರನ್ನು ಬಸಿಯುವ ಕ್ರಮವೇ ನನಗೆ ಶ್ರೇಷ್ಠವೆನಿಸುತ್ತದೆ. ಆದರೆ ಒಬ್ಬರ ಹೊಲದಲ್ಲಿ ಮಾತ್ರ ಹೂಳಿದರೆ ಸಾಲದು. ಬಸಿನೀರು ಕೆಳಗಿನ ಊರಿನ ಕುಡಿಯುವ ಕೆರೆಗೆ ಬೀಳದಂತೆಯೂ ನೋಡಿಕೊಳ್ಳಬೇಕು. ಹಣ ಸುರಿಯುವ ಮುನ್ನ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರಿಗೆ ಮಣ್ಣನ್ನು ತೋರಿಸಿರಿ.