ಬ್ಯಾಂಕ್ ಹರಾಜಿನ ಮನೆ: ಬೀಗದ ಕೈ ಯಾರ ಹತ್ತಿರ ಇದೆ?

ಪತ್ರಿಕೆಯ ಒಳಪುಟದಲ್ಲಿ ಬ್ಯಾಂಕಿನ ಹರಾಜು ಪ್ರಕಟಣೆ ಕಂಡರೆ ಕಣ್ಣು ಮೊದಲು ಓಡುವುದು ಮೀಸಲು ಬೆಲೆಯ ಅಂಕಣಕ್ಕೆ. ತಿಪಟೂರು ಪೇಟೆಯಲ್ಲಿ 30×40 ಸೈಟಿನ ಮನೆ, ಪಕ್ಕದ ಮನೆ ಹೋದ ಬೆಲೆಗಿಂತ ನಾಲ್ಕೈದು ಲಕ್ಷ ಕಡಿಮೆ. ಮಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು, ಮಗಳು ಓದುವ ಕಾಲೇಜಿಗೆ ಹತ್ತಿರ. ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಬಿಳಿಗೆರೆ, ನೊಣವಿನಕೆರೆ, ತುರುವೇಕೆರೆ ಕಡೆಯವರಿಗೆ ಇಂಥ ಮನೆಗಳ ಮೇಲೆ ಆಸೆ ಹುಟ್ಟುವುದು ಸಹಜ. ಬ್ಯಾಂಕೇ ಮಾರುತ್ತಿರುವಾಗ ಮೋಸ ಎಲ್ಲಿಂದ ಬಂತು ಎನ್ನುವ ಧೈರ್ಯವೂ ಜೊತೆಗಿರುತ್ತದೆ.

ಮೋಸ ಇಲ್ಲದಿರಬಹುದು. ಆದರೆ ಬ್ಯಾಂಕು ಆ ಮನೆಯ ಮಾಲೀಕನಲ್ಲ, ಸಾಲ ವಸೂಲಿಗೆ ನಿಂತಿರುವ ಸಂಸ್ಥೆ. ಪ್ರಕಟಣೆಯ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಎಲ್ಲಿದೆಯೋ ಹೇಗಿದೆಯೋ ಹಾಗೆ' ಎಂದು ಬರೆದಿರುತ್ತದೆ. ಮನೆಯ ತಂಟೆ ತಕರಾರೆಲ್ಲ ಕೊಂಡವರ ಪಾಲಿಗೆ ಎಂದೇ ಅದರ ಅರ್ಥ. ಎಪಿಎಂಸಿ ಯಾರ್ಡಿನಲ್ಲಿ ಟೆಂಡರ್ ಹಾಕುವ ವ್ಯಾಪಾರಿ ಚೀಲದೊಳಗೆ ಕೈ ಹಾಕಿ ಕೊಬ್ಬರಿ ತೆಗೆದು ನೋಡದೆ ರೇಟು ಬರೆಯುವುದಿಲ್ಲ. ಹರಾಜಿನ ಮನೆಗೆ ಬೆಲೆ ಕೂಗುವವರು ಎಷ್ಟೋ ಸಲ ಬಾಗಿಲು ದಾಟದೆಯೇ ಕೂಗಿಬಿಡುತ್ತಾರೆ. ಕಡಿಮೆ ಬೆಲೆ ಎಂಬುದು ಬ್ಯಾಂಕಿನ ಔದಾರ್ಯವಲ್ಲ. ಬ್ಯಾಂಕು ಮಾಡದೆ ಬಿಟ್ಟ ಕೆಲಸದ ಕೂಲಿ ಅದು. ಆ ಕೆಲಸ ಎಷ್ಟು ಉಳಿದಿದೆ ಎಂದು ತಿಳಿಯಲು ಬೆಲೆಯ ಅಂಕಣಕ್ಕಿಂತ ಮೊದಲು ಸ್ವಾಧೀನದ ಅಂಕಣ ಓದಬೇಕು.

ಅಲ್ಲಿ 'ಭೌತಿಕ ಸ್ವಾಧೀನ' ಎಂದಿದ್ದರೆ ಬೀಗದ ಕೈ ಬ್ಯಾಂಕಿನ ಹತ್ತಿರ ಇದೆ. 'ಸಾಂಕೇತಿಕ ಸ್ವಾಧೀನ' ಎಂದಿದ್ದರೆ ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಹಾಕಿಸಿದೆ, ಅಷ್ಟೆ. ಒಳಗೆ ಸಾಲಗಾರನ ಸಂಸಾರವೋ ಬಾಡಿಗೆಯವರೋ ಇದ್ದಾರೆ. ಅವರನ್ನು ಬಿಡಿಸಲು, ಬ್ಯಾಂಕಿಗೆ ಅಡಮಾನದ ಆಸ್ತಿ ಮಾರುವ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 14ನೇ ಕಲಮಿನಡಿ ಬ್ಯಾಂಕು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗೆ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. 30 ದಿನದಲ್ಲಿ, ಕಾರಣವಿದ್ದರೆ ಒಟ್ಟು 60 ದಿನದೊಳಗೆ ಆದೇಶ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಆದೇಶ ಬಂದ ಮೇಲೂ ಅಧಿಕಾರಿ, ಪೊಲೀಸು, ಮಹಜರು ಎಂದು ದಿನಗಳು ಉರುಳುತ್ತವೆ. ಅಡಮಾನಕ್ಕೂ ಮೊದಲೇ ನೋಂದಾಯಿತ ಕರಾರು ಮಾಡಿಕೊಂಡ ಬಾಡಿಗೆದಾರ ಒಳಗಿದ್ದರೆ ಈ ದಾರಿಯಲ್ಲೂ ಸುಲಭವಾಗಿ ಬಿಡಿಸಲಾಗದು. ಸಾಂಕೇತಿಕ ಸ್ವಾಧೀನದ ಮನೆಯನ್ನು, ಸ್ವಂತ ವಾಸಕ್ಕೆ ಬೇಕೆನ್ನುವ ಸಾಮಾನ್ಯ ಕುಟುಂಬ ಮುಟ್ಟದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಕಾಯುವ ತಾಳ್ಮೆ, ವಕೀಲರ ಖರ್ಚು ಎರಡನ್ನೂ ಬೆಲೆಯಲ್ಲಿ ಹಿಡಿದುಕೊಂಡವರ ಮಾತು ಬೇರೆ.

ಬ್ಯಾಂಕು ಹರಾಜಿನವರೆಗೆ ಬಂದ ದಾರಿಯನ್ನೂ ಕೊಳ್ಳುವವರು ನೋಡಬೇಕು. 2002ರ ಸರ್ಫೇಸಿ ಕಾಯ್ದೆ ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ಮಾರುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟಿದೆ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಮೊದಲು 60 ದಿನದ ತಗಾದೆ ನೋಟಿಸು. ಸಾಲಗಾರ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಬ್ಯಾಂಕಿನ ಉತ್ತರ. ಆಮೇಲೆ ಸ್ವಾಧೀನ, ಮೌಲ್ಯಮಾಪನ, ಮೀಸಲು ಬೆಲೆ. ಮೊದಲ ಹರಾಜಿಗೆ 30 ದಿನದ ನೋಟಿಸು. ಯಾರೂ ಕೂಗದೆ ಮತ್ತೆ ಹರಾಜಿಟ್ಟರೆ 15 ದಿನ. ಈ ಅವಧಿಗಳು ಬರೀ ಶಾಸ್ತ್ರಕ್ಕಲ್ಲ. 30 ದಿನದ ನೋಟಿಸು ಕೊಡಲೇಬೇಕು ಎಂದು 2014ರಲ್ಲಿ ಮ್ಯಾಥ್ಯೂ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿದೆ. ಬ್ಯಾಂಕು ಎಡವಿದರೆ ಹರಾಜೇ ರದ್ದಾಗಬಹುದು. ಕಟ್ಟಿದ ಹಣ ವಾಪಸು ಬಂದರೂ ಹೋದ ವರ್ಷಗಳು ಬರುವುದಿಲ್ಲ. ಆದ್ದರಿಂದ ನೋಟಿಸುಗಳ ತಾರೀಖು ಕೇಳಿ ಬರೆದುಕೊಳ್ಳಿ. ಸಾಲಗಾರ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿದ್ದಾನೆಯೇ ಎಂದು ಬ್ಯಾಂಕಿನ ಅಧಿಕೃತ ಅಧಿಕಾರಿಯಿಂದ ಲಿಖಿತವಾಗಿ ತಿಳಿಯಿರಿ.

ನಮ್ಮ ತೆಂಗಿನ ಸೀಮೆಗೆ ಮುಖ್ಯವಾದದ್ದು ಕಾಯ್ದೆಯ 31ನೇ ಕಲಮು. ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಅನ್ವಯಿಸುವುದಿಲ್ಲ. ತೋಟ ಅಡವಿಟ್ಟು ಸಾಲ ತಂದ ರೈತನ ತೋಟವನ್ನು ಬ್ಯಾಂಕು ಈ ಕಾಯ್ದೆಯಡಿ ಹರಾಜು ಹಾಕುವಂತಿಲ್ಲ. ಹಾಗೆಂದು ಸಾಲ ಮನ್ನಾ ಆಗುವುದಿಲ್ಲ; 20 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಬಾಕಿಗೆ ವಸೂಲಾತಿ ನ್ಯಾಯಮಂಡಳಿ, ಅದಕ್ಕಿಂತ ಕಡಿಮೆಗೆ ಸಿವಿಲ್ ಕೋರ್ಟು, ಸಹಕಾರ ಸಂಘಗಳಿಗೆ 1959ರ ರಾಜ್ಯ ಸಹಕಾರ ಕಾಯ್ದೆಯ ದಾರಿ ಇದ್ದೇ ಇದೆ. ತೊಡಕು ಬರುವುದು ತೋಟದ ಮನೆಯಲ್ಲಿ. ಅಪ್ಪನ ಕಾಲದ ತೋಟದ ಅಂಚಿನಲ್ಲಿ ಆರ್‌ಸಿಸಿ ಮನೆ ಕಟ್ಟಿ, ಭೂಪರಿವರ್ತನೆ ಮಾಡಿಸದೆ, ಅದನ್ನೇ ತೋರಿಸಿ ವ್ಯಾಪಾರದ ಸಾಲ ತೆಗೆದವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಪಹಣಿಯಲ್ಲಿ 'ತೆಂಗು' ಎಂದಿದ್ದ ಮಾತ್ರಕ್ಕೆ ವಿನಾಯಿತಿ ಸಿಗದು. ಜಮೀನು ನಿಜವಾಗಿ ಬೇಸಾಯದಲ್ಲಿದೆಯೇ ಎನ್ನುವುದೇ ಮುಖ್ಯ, ಅದನ್ನು ಸಾಬೀತು ಮಾಡಬೇಕಾದವನು ಸಾಲಗಾರ ಎಂದು 2023ರಲ್ಲಿ ಕೆ. ಶ್ರೀಧರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯ ಸುತ್ತ ಫಸಲು ಕೊಡುವ ಮರಗಳಿದ್ದು, ಕಾಯಿ ಕೀಳಿಸುವುದೂ ನಡೆದಿದ್ದರೆ ಸಾಲಗಾರನ ವಾದಕ್ಕೆ ಬಲ ಬರುತ್ತದೆ. ಅಂಥ ಮನೆ ಅಗ್ಗಕ್ಕೆ ಬಂದರೆ ಪರಿವರ್ತನೆ ಆದೇಶದ ಪ್ರತಿ ಕೇಳಿ. ಪ್ರತಿ ಬರದಿದ್ದರೆ ಆಸೆ ಬಿಡಿ.

ಪ್ರಕಟಣೆಯಲ್ಲಿ 'ಬ್ಯಾಂಕಿಗೆ ತಿಳಿದಿರುವ ಋಣಭಾರಗಳು' ಎಂಬ ಅಂಕಣ ಇರುತ್ತದೆ. ಎದುರಿಗೆ ಸಾಮಾನ್ಯವಾಗಿ 'ತಿಳಿದಿಲ್ಲ'. ಇಲ್ಲ ಎಂದು ಬ್ಯಾಂಕು ಹೇಳುತ್ತಿಲ್ಲ, ಹುಡುಕುವುದನ್ನು ನಿಮಗೆ ಬಿಟ್ಟಿದೆ. ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿ ಮಾತಿನ ಪಾಲು, ಅಕ್ಕ ತಂಗಿಯರ ಹಕ್ಕು ಅಲ್ಲಿ ಕಾಣಿಸದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಖಚಿತಪಡಿಸಿದೆ. ಸಾಲಗಾರ ಸಿವಿಲ್ ಕೋರ್ಟಿನಿಂದ ಹರಾಜು ತಡೆಯುವುದಕ್ಕೆ ಸರ್ಫೇಸಿ ಕಾಯ್ದೆಯ 34ನೇ ಕಲಮು ಅಡ್ಡ ಬರುತ್ತದೆ. ಆದರೆ ಆಸ್ತಿಯಲ್ಲಿ ತನ್ನದೇ ಹಕ್ಕು ಹೇಳುವ ಮೂರನೆಯವರ ದಾವೆಗೆ ಆ ಅಡ್ಡಿಯಿಲ್ಲ ಎಂದು 2025ರ ಜನವರಿಯಲ್ಲಿ ಪ್ರಭಾ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಣ್ಣ ಇಟ್ಟ ಅಡಮಾನ ತನ್ನ ಪಾಲಿಗೆ ತಟ್ಟದು ಎಂದು ತಂಗಿ ತಿಪಟೂರಿನ ಕೋರ್ಟಿನಲ್ಲೇ ದಾವೆ ಹೂಡಬಹುದು. ವಂಶವೃಕ್ಷ, ವಿಭಾಗ ಪತ್ರ ಎರಡನ್ನೂ ನೋಡದೆ ಪೇಟೆಯ ಹಳೇ ಮನೆ ಕೊಳ್ಳಬಾರದು. ಜಮೀನಿನ ಮೂಲ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ತಿಳಿದ ವಕೀಲರ ಲಿಖಿತ ಅಭಿಪ್ರಾಯ ಬೇಕೇ ಬೇಕು.

ಇನ್ನು ದುಡ್ಡಿನ ಲೆಕ್ಕ. ಸರ್ಕಾರಿ ಬ್ಯಾಂಕುಗಳ ಹರಾಜು ಈಗ ಬಹುಪಾಲು ಬ್ಯಾಂಕ್‌ನೆಟ್ ಜಾಲತಾಣದಲ್ಲಿ ನಡೆಯುತ್ತದೆ. 2025ರ ಜನವರಿಯಲ್ಲಿ ಅದು ಹೊಸ ರೂಪದಲ್ಲಿ ಬಂತು. ಒಂದು ಮನೆಯ ಮೀಸಲು ಬೆಲೆ 32 ಲಕ್ಷ, ಮುಂಗಡ ಠೇವಣಿ ಶೇ 10 ಎಂದಿಟ್ಟುಕೊಳ್ಳಿ. 3.20 ಲಕ್ಷ ಕಟ್ಟಿ ಕೂಗಿದಿರಿ, 33 ಲಕ್ಷಕ್ಕೆ ನಿಂತಿತು. ಬೆಲೆಯ ಕಾಲು ಭಾಗ 8.25 ಲಕ್ಷ. ಠೇವಣಿ ಕಳೆದು ಉಳಿದ 5.05 ಲಕ್ಷವನ್ನು ಅಂದೇ, ತಪ್ಪಿದರೆ ಮರು ಕೆಲಸದ ದಿನ ಕಟ್ಟಬೇಕು. ಮಾರಾಟ ದೃಢವಾದ 15 ದಿನದೊಳಗೆ ಮಿಕ್ಕ 24.75 ಲಕ್ಷ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗಡುವು ಬೆಳೆಯುತ್ತದೆ, ಅದೂ ಮೂರು ತಿಂಗಳು ಮೀರುವಂತಿಲ್ಲ. ಸಾಲ ಮಾಡಿ ಕಟ್ಟುತ್ತೇನೆ ಎನ್ನುವವರು ಕೂಗುವ ಮೊದಲೇ ಮಂಜೂರಾತಿ ಪತ್ರ ಕೈಯಲ್ಲಿಟ್ಟುಕೊಂಡಿರಬೇಕು. ಕಾಯಿ ಮಾರಿದ ದುಡ್ಡು ಬರಲಿ, ಮುಂದಿನ ವಾರ ಕಟ್ಟುತ್ತೇನೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ತಮಿಳುನಾಡಿನ ಪ್ರಕರಣವೊಂದರಲ್ಲಿ ಬಾಕಿ ಕಟ್ಟಲಾಗದ ಖರೀದಿದಾರ ಕಳೆದುಕೊಂಡದ್ದು ಮೂರು ಕೋಟಿಗೂ ಹೆಚ್ಚು. ಕಾಲು ಭಾಗವನ್ನು ಪೂರ್ತಿ ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ನಿಮ್ಮದೇ. ಠೇವಣಿಯನ್ನು ಪ್ರಕಟಣೆಯಲ್ಲಿ ತೋರಿಸಿದ ಖಾತೆಗಲ್ಲದೆ ಯಾವ ಏಜೆಂಟನ ಕೈಗೂ ಕೊಡಬೇಡಿ.

ಮಂಗಳೂರಿನ ಫ್ಲ್ಯಾಟಿನ ಮೇಲೆ ಕಣ್ಣಿಟ್ಟವರಿಗೆ ಎರಡು ಮಾತು. ಅಲ್ಲಿ ಜಾಗದ ಲೆಕ್ಕ ಸೆಂಟ್ಸಿನಲ್ಲಿ. ಎರಡೂವರೆ ಸೆಂಟ್ಸಿಗೆ ನಮ್ಮ ಒಂದು ಗುಂಟೆ. ಕಟ್ಟಡ ನಿಂತ ನೆಲ ಮೂಲಗೇಣಿಯದಾಗಿರಬಹುದು, ಅಂದರೆ ನೆಲದ ಮೂಲ ಒಡೆಯ ಬೇರೆ, ಶಾಶ್ವತ ಗೇಣಿಯ ಹಕ್ಕಿನವರು ಬೇರೆ. ಬಯಲುಸೀಮೆಯ ಕಾಗದಪತ್ರ ಮಾತ್ರ ನೋಡಿ ಅಭ್ಯಾಸವಾದವರಿಗೆ ಇದು ಹೊಳೆಯುವುದಿಲ್ಲ. ಅಲ್ಲಿನ ವಕೀಲರಿಂದಲೇ ಪರಿಶೀಲನೆ ಮಾಡಿಸಿ. ಸಮುದ್ರ, ನದಿಯ ಅಂಚಿನ ಕಟ್ಟಡವಾದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ನೋಡಬೇಕು. ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ಬಾಕಿ, ಪಾಲಿಕೆಯ ತೆರಿಗೆ, ಮೆಸ್ಕಾಂ ಬಿಲ್ಲು ಮೂರನ್ನೂ ಹೋಗಿ ವಿಚಾರಿಸಿ. ಹಳೆಯ ಮಾಲೀಕನ ಕರೆಂಟು ಬಾಕಿಯನ್ನು, ನಿಯಮಾವಳಿಯಲ್ಲಿ ಅವಕಾಶವಿದ್ದರೆ, ಹರಾಜಿನಲ್ಲಿ ಕೊಂಡವರಿಂದ ವಸೂಲಿ ಮಾಡಬಹುದು ಎಂದು ಸುಪ್ರೀಂ ಕೋರ್ಟಿನ 2023ರ ಕೆ.ಸಿ. ನೈನಾನ್ ತೀರ್ಪು ಹೇಳುತ್ತದೆ. ತಿಪಟೂರಿನ ಬೆಸ್ಕಾಂ ಬಾಕಿಗೂ ಇದೇ ಮಾತು.

ಪೂರ್ತಿ ಹಣ ಕಟ್ಟಿದ ಮೇಲೆ ಸಿಗುವುದು ಮಾರಾಟ ಪ್ರಮಾಣಪತ್ರ. ಬೇರೆ ಕ್ರಯಪತ್ರ ಬೇಕಿಲ್ಲ. ಪ್ರಮಾಣಪತ್ರದ ಪ್ರತಿಯನ್ನು 1908ರ ನೋಂದಣಿ ಕಾಯ್ದೆಯ 89(4)ರಂತೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕಕ್ಕೆ ಸೇರಿಸಿದರೆ ಹಕ್ಕಿಗೆ ಸಾಕು. ಆದರೂ ಖಾತೆ ಬದಲಾವಣೆಗೆ, ಮುಂದೆ ಸಾಲಕ್ಕೆ ಹೋದಾಗ ನೋಂದಾಯಿತ ಪತ್ರವನ್ನೇ ಕೇಳುವವರು ಹೆಚ್ಚು. ಮುದ್ರಾಂಕ ಶುಲ್ಕ ಕಟ್ಟಿ ನೋಂದಣಿ ಮಾಡಿಸಿಬಿಡುವುದೇ ವಾಸಿ. ನಗರಸಭೆಯ ಇ-ಖಾತೆ, ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇವೆಯೇ ಎಂದು ಕೂಗುವ ಮೊದಲೇ ನೋಡಿರಬೇಕು.

ಹರಾಜಾಗುವ ಮನೆಯಲ್ಲೂ ಓದುಗರಿರುತ್ತಾರೆ. ಅವರಿಗೆ ತಿಳಿದಿರಬೇಕಾದ ಮೊದಲ ಸಂಗತಿ, ಕೂಗು ಮುಗಿಯುವವರೆಗೂ ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳಬಹುದು ಎಂಬ ನಂಬಿಕೆ ಈಗ ಸುಳ್ಳು. 2016ರ ತಿದ್ದುಪಡಿಯ ನಂತರ ಹರಾಜು ಪ್ರಕಟಣೆ ಪತ್ರಿಕೆಯಲ್ಲಿ ಬರುವ ಮೊದಲೇ ಪೂರ್ತಿ ಬಾಕಿ ಕಟ್ಟಬೇಕು. ಸುಪ್ರೀಂ ಕೋರ್ಟಿನ 2023ರ ಸೆಲಿರ್ ತೀರ್ಪು ಇದನ್ನೇ ಎತ್ತಿ ಹಿಡಿಯಿತು. ತಡ ಮಾಡದೆ ಬ್ಯಾಂಕಿನೊಡನೆ ಒಂದೇ ಕಂತಿನ ತೀರುವಳಿಗೆ ಲಿಖಿತ ಅರ್ಜಿ ಕೊಡಿ. ಬ್ಯಾಂಕಿನ ಕ್ರಮ ತಪ್ಪೆನಿಸಿದರೆ 45 ದಿನದೊಳಗೆ ಬೆಂಗಳೂರಿನ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು, ಮೇಲ್ಮನವಿಗೆ ಚೆನ್ನೈ. ಬಾಕಿಯು ಅಸಲು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆಗೆ ಇಳಿದಿದ್ದರೆ ಸರ್ಫೇಸಿಯೇ ಅನ್ವಯಿಸದು. ಪಾಸ್‌ಬುಕ್ಕು ಹಿಡಿದು ಈ ಲೆಕ್ಕ ಹಾಕಿಸಿ. ಮನೆ ಹೋದ ಮೇಲೂ ಸಾಲ, ಬಡ್ಡಿ, ಖರ್ಚು ಮುರಿದುಕೊಂಡು ಮಿಕ್ಕ ಹಣ ಸಾಲಗಾರನಿಗೆ ಸೇರಬೇಕು. ಅದರ ಲೆಕ್ಕವನ್ನು ಬರೆದು ಕೇಳಿ. ವಕೀಲರಿಗೆ ಕೊಡಲು ಕೈಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಂಟು, ಸಹಾಯವಾಣಿ 15100.